ಕೊರಳೊಳಗಿನ ಗುಂಗಿಹುಳ

ನನ್ನ ದನಿ ಎಷ್ಟು ದೊಡ್ಡದಿತ್ತೆಂದರೆ, ಬೆಳಗಾವಿ ಕ್ಯಾಂಪಿನ ನಮ್ಮ ಮನೆಯ ಬಾಗಿಲಲ್ಲಿ ಹಾಲಿನವನ ಜೊತೆ ಎರಡು ಮಾತಾಡಿದರೂ ಪಕ್ಕದ ಮನೆಯವರು ಜಗಳವೆಂದು ಕಿಟಕಿ ತೆರೆಯುತ್ತಿದ್ದರು. ಆ ದನಿಯನ್ನೇ ನಂಬಿ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಖಾನಾಪುರಕ್ಕೆ ಹೋಗಿ, ಅಲ್ಲೊಂದು ಪುಟ್ಟ ಇಂಗ್ಲಿಷ್ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಫೋನಿಕ್ಸ್ ಕಲಿಸುತ್ತಿದ್ದೆ. ಅಕ್ಷರದ ಹೆಸರಲ್ಲ, ಸದ್ದು ಮೊದಲು. ಸದ್ದುಗಳನ್ನು ಕೂಡಿಸಿದರೆ ಓದು. ಹೇಳುವುದಕ್ಕೇನೋ ಸುಲಭ. ಕ, ಖ, ಗ ರೂಢಿಯಾದ ನಾಲಿಗೆಗಳಿಗೆ ಪ್ರತಿ ಸದ್ದಿನ ಬಾಲಕ್ಕೂ ಒಂದು ‘ಅ’ ಅಂಟಿಸದೆ ಸಮಾಧಾನವಿರಲಿಲ್ಲ. ‘ಬಸ್’ ಓದಿಸಲು ಹೋದರೆ ‘ಬಸ’ ಎಂದು ಹೇಳಿ, ಶಹಬ್ಬಾಸ್‌ಗಿರಿಗಾಗಿ ನನ್ನ ಮುಖ ನೋಡುತ್ತಿದ್ದರು.

ಅದಕ್ಕೆ ನಾನು ನನ್ನ ಕೊರಳನ್ನೇ ಕೊಟ್ಟೆ. ಹಾವಿನ ‘ಸ್‌ಸ್‌ಸ್’ ಎನ್ನುವಾಗ ಕೊರಳು ಸುಮ್ಮನಿರುತ್ತದೆ, ಬಾಲಕ್ಕೆ ‘ಅ’ ಅಂಟಿದರೆ ಕೈಗೆ ಗೊತ್ತಾಗುತ್ತದೆ; ಇಂಗ್ಲಿಷಿನ ‘ಝಡ್’ಗೆ ಗುಂಗಿಹುಳದ ‘ಝ್‌ಝ್‌ಝ್’ ಎನ್ನುವಾಗ ಒಳಗೆ ನಡುಗುತ್ತದೆ. ಮಕ್ಕಳು ಸಾಲಾಗಿ ಬಂದು, ನನ್ನ ಶಿವದಾರವನ್ನು ಮೆಲ್ಲಗೆ ಬದಿಗೆ ಸರಿಸಿ, ಶೇಂಗಾ ಉಂಡಿ ತಿಂದು ಅಂಟಂಟಾದ ಅಂಗೈಯನ್ನು ಗಂಟಲ ಮೇಲಿಡುತ್ತಿದ್ದರು. ಮನೆಯಲ್ಲಿ ಮರಾಠಿ ಆಡುವ ಒಬ್ಬ ಹುಡುಗಿಯಂತೂ ಕೈ ತೆಗೆಯುತ್ತಲೇ ಇರಲಿಲ್ಲ.

“ಟೀಚರ್, ಒಳಗ ಹುಳ ಐತ್ರಿ! ಇನ್ನೊಮ್ಮಿ ಮಾಡ್ರಿ!”

ಕನ್ನಡ ಮನೆಯ ಮಕ್ಕಳು ‘ಜ’ ಎಂದು ಎಡವುವಲ್ಲಿ ಅವಳ ಮರಾಠಿ ನಾಲಿಗೆ ಸಲೀಸಾಗಿ ಗುಂಯ್‌ಗುಡುತ್ತಿತ್ತು.

ಹೋದ ಬೇಸಿಗೆಯಲ್ಲಿ ನನಗೆ ಥೈರಾಯಿಡ್ ಗಡ್ಡೆಯ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಜೊತೆಗೆ ದನಿಯೂ. ಉಳಿದದ್ದು ಗಾಳಿಯಂಥ ಪಿಸುಮಾತು. “ಕೆಲವರಿಗೆ ತಿರುಗಿ ಬರ್ತದ್ರೀ, ಕೆಲವರಿಗೆ ಇಲ್ಲ. ಕಾದು ನೋಡೂಣು,” ಎಂದರು ಡಾಕ್ಟರು. “ಇಷ್ಟು ವರ್ಷ ಒದರೀದಿ, ಗಂಟಲಕ್ಕೂ ರಜಾ ಬ್ಯಾಡೇನು?” ಎಂದು ನನ್ನ ಗಂಡ ನಗಿಸಲು ನೋಡಿದರು. ತಿರುಗಿಸಿ ಬೈಯಲು ದನಿ ಇರಲಿಲ್ಲ. ಅದಕ್ಕೇ ಅಳು ಬಂತು.

ಶಾಲೆಯವರು ಒಳ್ಳೆಯವರು, ಆಫೀಸಿನಲ್ಲಿ ಕುರ್ಚಿ ಕೊಟ್ಟರು. ಗೋಡೆಯಾಚೆ ನನ್ನ ತರಗತಿ, ಹೊಸ ಟೀಚರು, ಅವರ ಸ್ಪೀಕರು. ಅದರ ಹಾವೂ ಹುಳವೂ ಚೆನ್ನಾಗಿಯೇ ಸದ್ದು ಮಾಡುತ್ತಿದ್ದವು. ನನಗೆ ಹೊಟ್ಟೆಕಿಚ್ಚು. ಸ್ಪೀಕರಿಗೆ ಕೊರಳೆಲ್ಲಿದೆ, ಮಕ್ಕಳು ಕೈ ಎಲ್ಲಿಡಬೇಕು ಎಂದು ಗೊಣಗಿಕೊಳ್ಳುತ್ತಿದ್ದೆ. ಆ ಗೊಣಗಾಟವೂ ಯಾರಿಗೂ ಕೇಳಿಸುತ್ತಿರಲಿಲ್ಲ. ದಿನಾ ಬಸ್ಸಿನ ಕಿಟಕಿಗೆ ಒರಗಿ, ಕೊರಳ ಮೇಲೆ ಕೈಯಿಟ್ಟು ‘ಝ್’ ಎನ್ನಲು ನೋಡುತ್ತಿದ್ದೆ. ಇಂಜಿನ್ನಿನ ನಡುಕವೇ ಕೈಗೆ ಬಂದು, ದನಿ ಬಂತೇ ಬಂತೆಂದು ಎದೆ ಹಾರುತ್ತಿತ್ತು. ಬಸ್ಸು ನಿಂತರೆ ಅದೂ ನಿಲ್ಲುತ್ತಿತ್ತು.

ಶ್ರಾವಣದ ಒಂದು ಸೋಮವಾರ ಹೊಸ ಟೀಚರು ರಜೆ ಹಾಕಿದ್ದರು. “ಸುಮ್ಮ ಕುಂದರಿಸಿಕೊಳ್ರಿ, ಸಾಕು,” ಎಂದು ಹೆಡ್‌ಮಿಸ್ಟ್ರೆಸ್ ನನ್ನನ್ನು ಕಳಿಸಿದರು. ನಾನು ಒಳಗೆ ಕಾಲಿಟ್ಟದ್ದೇ ತಡ, ಯಾರೂ ಹೇಳದೆ ಮಕ್ಕಳು ಸಾಲು ನಿಂತರು. ಸಾಲಿನ ಮೊದಲಿಗೆ ಅದೇ ಹುಡುಗಿ. ಶಿವದಾರ ಸರಿಸಿದಳು, ಗಾಯದ ಗೆರೆ ಕಂಡು ಅಂಗೈಯನ್ನು ತುಸು ಮೇಲಿಟ್ಟಳು, ಕಾದಳು. ನಾನು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದೆ. ಹುಳ ಬರಲಿಲ್ಲ, ಬಂದದ್ದು ಹಾವು.

“ಹುಳ ಮಲ್ಕೊಂಡೈತ್ರಿ ಟೀಚರ್,” ಎಂದಳು. ಆಮೇಲೆ ನನ್ನ ಕೈ ಹಿಡಿದು ತನ್ನ ಕೊರಳ ಮೇಲಿಟ್ಟುಕೊಂಡಳು. ‘ಝ್‌ಝ್‌ಝ್.’ ಹಕ್ಕಿಯದಷ್ಟು ಸಣ್ಣ ಕೊರಳು, ಆದರೂ ನನ್ನ ಮೊಣಕೈವರೆಗೆ ನಡುಕ ಬಂತು.

“ನಂದು ಎಚ್ಚರ ಐತಿ. ಇವತ್ತ ಇದರಾಗ ಕಲಿಸ್ರಿ.”

ಮಕ್ಕಳು ಒಬ್ಬೊಬ್ಬರಾಗಿ ಅವಳ ಕೊರಳು ಮುಟ್ಟಿದರು. ನಾನು ಬಾಯಿ ಆಡಿಸಿ ತೋರಿಸಿದೆ, ಅವಳು ಸದ್ದು ಕೊಟ್ಟಳು. ತರಗತಿ ನಡೆಯಿತು. ಖುಷಿಯಾಯಿತೇ ಎಂದರೆ ಆಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಸಾಲು ನನ್ನನ್ನು ದಾಟಿ ಅವಳ ಮುಂದೆ ನಿಂತದ್ದನ್ನು ನೋಡುವಾಗ ನನ್ನ ಕೊರಳಿಗೆ ಚಳಿ ಹಿಡಿದಂತಾಯಿತು. ಆ ಅಂಟು ಅಂಗೈಗಳು ನನಗೆ ಬೇಕು. ಈಗಲೂ ಬೇಕು.

ಸಂಜೆ ಬೆಳಗಾವಿಯ ಬಸ್ಸಿನಲ್ಲಿ ಮತ್ತೆ ಕೊರಳ ಮೇಲೆ ಕೈಯಿಟ್ಟೆ. ಬಸ್ಸು ನಿಂತಿತು, ನಡುಕವೂ ನಿಂತಿತು, ಕೈ ಮಾತ್ರ ತೆಗೆಯಲಿಲ್ಲ.