ಸೋಮಮ್ಮನ ಏರಿ ಕಾಯಿದೆ

ಈಗ ಆ ಕೆರೆ ಏರಿಯ ಮೇಲೆ ಟಾರು ಬಿದ್ದಿದೆ. ಮೋಟಾರ್ ಸೈಕಲ್ಲುಗಳು ಹಾರನ್ ಬಾರಿಸಿಕೊಂಡು ಓಡುತ್ತವೆ, ಯಾರು ಯಾರಿಗೆ ದಾರಿ ಬಿಟ್ಟರು ಅಂತ ಕೇಳುವವರಿಲ್ಲ. ತೊಂಬತ್ನಾಲ್ಕು, ತೊಂಬತ್ತೈದರ ಮಾತು ಬೇರೆ. ಚಾಮರಾಜನಗರ ಇನ್ನೂ ಜಿಲ್ಲೆಯಾಗಿರಲಿಲ್ಲ. ಚಂದಕವಾಡಿ ಕಡೆಯ ಹಳ್ಳಿಗಳಿಂದ ನಗರಕ್ಕೆ ಬಸ್ಸು ಇತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಅದು ಬಂದರೆ ಬಂತು, ಬಿಟ್ಟರೆ ಬಿಟ್ಟಿತು. ಅದನ್ನು ನಂಬಿ ಕೂತರೆ ಕೆಲಸ ಕೆಟ್ಟಂತೆಯೇ. ಹಾಗಾಗಿ ಬೆಳಗಾದರೆ ಜನ ಏರಿ ಹಿಡಿಯುತ್ತಿದ್ದರು.

ಏರಿ ಮುಕ್ಕಾಲು ಮೈಲಿ ಉದ್ದ. ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಹುಲ್ಲಿನ ಇಳಿಜಾರು, ಅದರ ಕೆಳಗೆ ಗದ್ದೆ. ನಡುವೆ ಒಂದು ಕಾಲುದಾರಿ. ರೇಷ್ಮೆ ಫ್ಯಾಕ್ಟರಿಗೆ ಹೋಗುವವರು, ಕಚೇರಿಯ ಗುಮಾಸ್ತರು, ಹಾಲಿನವರು, ಹೂವಿನವರು, ಎಲ್ಲರೂ ಏಳು ಗಂಟೆಯಿಂದ ಎಂಟೂವರೆಯೊಳಗೆ ಅದೇ ದಾರಿಯಲ್ಲಿ ಹಾಯಬೇಕು. ಅರ್ಧ ಜನ ಸೈಕಲ್ಲಿನಲ್ಲಿ, ಅರ್ಧ ಜನ ಕಾಲಲ್ಲಿ. ಆದರೂ ಒಬ್ಬರಿಗೊಬ್ಬರು ಗುದ್ದಿಕೊಂಡು ಹಲ್ಲು ಮುರಿದುಕೊಂಡದ್ದಿಲ್ಲ. ಅದಕ್ಕೆ ಕಾರಣ ಸೋಮಮ್ಮ.

ಸೋಮಮ್ಮ ಬಾಳೆಎಲೆ ಹೊರುವವಳು. ಮಗ ಮಾದೇವ ಮೂರು ವರ್ಷದ ಕೂಸಾಗಿದ್ದಾಗ ಗಂಡ ಸತ್ತ. ಅವತ್ತಿನಿಂದ ದಿನವೂ ಎಲೆಯ ಹೊರೆಯನ್ನು ಸಿಂಬೆಯ ಮೇಲಿಟ್ಟುಕೊಂಡು ನಗರದ ಹೋಟೆಲುಗಳಿಗೆ ಹೋಗಿ ಕೊಟ್ಟು ಬರುತ್ತಿದ್ದಳು. ಅವಳು ಶುರುಮಾಡಿದಾಗ ಏರಿ ಮೇಲೆ ಸೈಕಲ್ಲು ಇದ್ದದ್ದು ಪೋಸ್ಟಿನವನೊಬ್ಬನದು. ಆಮೇಲೆ ಎರಡಾಯಿತು, ಹತ್ತಾಯಿತು, ಮದುವೆಗೊಂದು ಸೈಕಲ್ಲು ಕೇಳುವ ಕಾಲ ಬಂದ ಮೇಲಂತೂ ಮಳೆಗಾಲದ ಅಣಬೆಯ ಹಾಗೆ ಎದ್ದವು. ಒಂದು ದಿನ ಯಾವನೋ ಬೆನ್ನ ಹಿಂದೆಯೇ ಟ್ರಿಣ್ ಅಂತ ಬೆಲ್ಲು ಹೊಡೆದ. ಸೋಮಮ್ಮ ಹೊರೆ ಇಳಿಸಿದಳು, ಸೊಂಟಕ್ಕೆ ಸೆರಗು ಸಿಕ್ಕಿಸಿದಳು, ಸೈಕಲ್ಲಿನ ಹ್ಯಾಂಡಲ್ಲು ಹಿಡಿದುಕೊಂಡಳು.

“ತಲೆ ಮ್ಯಾಲೆ ಹೊರೆ ಇದ್ದೋಳ್ಗೆ ಕುತ್ಗೆ ತಿರ್ಗದಿಲ್ಲ ಕಣ್ಲಾ. ನೀನು ಬೆಲ್ಲು ಹೊಡುದ್ರೆ ಎದೆ ಝಲ್ಲಂತದೆ, ಯಾವ್ ಕಡೆ ಸರಿಬೇಕೋ ತಿಳ್ಯದಿಲ್ಲ. ದೇವ್ರು ಬಾಯಿ ಕೊಟ್ಟಿಲ್ವಾ ನಿಂಗೆ? ಇಪ್ಪತ್ತು ಮಾರು ದೂರದಿಂದ ಕೂಗು. ಒಂದ್ಸಲ ಅಲ್ಲ, ಮೂರ್ಸಲ ಕೂಗು. ಆಮ್ಯಾಕೆ ನೀರಿನ ಕಡೇಲಿ ಓಗು.”

“ನೀರಿನ ಕಡೆ ಓದ್ರೆ ಬಿದ್ದೋಯ್ತೀನಿ ಕಣವ್ವ.”

“ಬೀಳು. ಬೆಳಿಗ್ಗೆ ಸ್ನಾನ ಮಾಡಿರ್ತೀಯೋ ಇಲ್ವೋ.”

ಅವತ್ತಿನಿಂದ ಅದೇ ಕಾಯಿದೆ. ಹೊರೆ ಹೊತ್ತವರ ಹಿಂದೆ ಬೆಲ್ಲು ಹೊಡೆಯುವಂತಿಲ್ಲ, ಮೂರು ಸಲ ಕೂಗಬೇಕು, ನೀರಿನ ಮಗ್ಗುಲಲ್ಲಿ ಹಾಯಬೇಕು. ಬಸುರಿ ಎದುರಾದರೆ ಇಳಿದು ನಿಲ್ಲಬೇಕು. ಹೆಣ ಬಂದರೆ ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಬೇಕು. ನಡೆಯುವವರಿಗೂ ಬಿಡುಗಡೆಯಿಲ್ಲ. ಹರಟೆ ಹೊಡೆಯುತ್ತಾ ಸಾಲಾಗಿ ಅಡ್ಡಡ್ಡ ನಡೆದ ಹೆಂಗಸರು ಅವಳ ಬಾಯಿಂದ ಕೇಳಿಸಿಕೊಂಡದ್ದನ್ನು ಇಲ್ಲಿ ಬರೆಯಲಾಗದು. ತಪ್ಪಿದವರು ಅವಳು ಹೇಳಿದಷ್ಟು ದಿನ ಏರಿ ಮೇಲೆ ಸೈಕಲ್ಲು ಹತ್ತದೆ ತಳ್ಳಿಕೊಂಡೇ ಹೋಗಬೇಕು. ತಾಲ್ಲೂಕು ಕಚೇರಿಯ ಗುಮಾಸ್ತ ಶಿವರುದ್ರಸ್ವಾಮಿಯಂಥ ದೊಡ್ಡ ಮನುಷ್ಯ ಕೂಡ ಒಂದು ವಾರ ತಳ್ಳಿದ್ದಾರೆ. ತಳ್ಳಿಕೊಂಡು ಹೋಗುತ್ತಾ ನಗುತ್ತಿದ್ದರು, ಆದರೆ ಹತ್ತಲಿಲ್ಲ.

ಮನೆಯಲ್ಲಿ ಸೋಮಮ್ಮನ ಮಾತು ಅಷ್ಟಾಗಿ ನಡೆಯುತ್ತಿರಲಿಲ್ಲ. ಸೊಸೆ ನೀಲಾವತಿ ಒಳ್ಳೆಯವಳೇ, ಮಾದೇವನೂ ಅವ್ವನೆಂದರೆ ಪ್ರಾಣ ಬಿಡುವವನು. ಆದರೆ ಮನೆಯೊಳಗೆ ಅವಳು ಹೊತ್ತಿಗೆ ಸರಿಯಾಗಿ ಉಣ್ಣಬೇಕಾದ ಮುದುಕಿ. ಏರಿ ಮೇಲೆ ಹೆಜ್ಜೆ ಇಟ್ಟರೆ ಮಾತ್ರ ಅವಳು ಸೋಮಮ್ಮ. ಆ ಮುಕ್ಕಾಲು ಮೈಲಿ ಅವಳಿಗೆ ತವರಿಗಿಂತ ಹೆಚ್ಚು.

ಇಂಥವಳ ಕಿವಿಯೇ ಕೈಕೊಟ್ಟಿತು.

ಮೊದಲು ಹೋದದ್ದು ಮನೆಯ ಕುಕ್ಕರಿನ ಸೀಟಿ, ಆಮೇಲೆ ಹೋದದ್ದು ಕೋಳಿ ಕೂಗು. ನೀಲಾವತಿ ಗಂಡನಿಗೆ ಹೇಳಿದಳು. ಮಾದೇವ ಅವ್ವನ ಎದುರು ಕೂತು, “ಕಿವಿ ಕೇಳ್ದಂಗಾದ್ರೆ ಏರಿ ಮ್ಯಾಲೆ ಓಗೋದು ಬ್ಯಾಡ ಕಣವ್ವ. ಸೈಕಲ್ಲು ಬಂದು ಗುದ್ಬುಟ್ರೆ ಏನ್ ಗತಿ? ಮನೇಲಿರು, ಎಲೆ ನಾನು ಮಂಡಿಗೆ ಹಾಕ್ತೀನಿ,” ಅಂದ. ಅವನ ತುಟಿಯನ್ನೇ ನೋಡುತ್ತಿದ್ದ ಸೋಮಮ್ಮ, “ನನ್ ಕಿವಿಗೇನಾಗದೆ? ಇರುವೆ ನಡೆದ್ರೂ ಕೇಳ್ತದೆ,” ಅಂದುಬಿಟ್ಟಳು. ಮಾದೇವ ನಂಬಿದ, ಆದರೆ ಸುಳ್ಳು ಅಂತ ಅವಳಿಗೇ ಗೊತ್ತಿತ್ತು. ಆ ರಾತ್ರಿ ಊಟ ಸೇರಲಿಲ್ಲ.

ಏರಿ ಮೇಲೆ ಹೇಗೋ ನಡೆದುಹೋಗುತ್ತಿತ್ತು. ಅವಳ ಊರು ನಗರಕ್ಕೆ ಮೂಡಲಲ್ಲಿ. ಹೋಗುವಾಗ ಬೆಳಗಿನ ಬಿಸಿಲು ಬೆನ್ನ ಮೇಲೆ ಬೀಳುತ್ತದೆ. ಹಿಂದೆ ಬರುವ ಸೈಕಲ್ಲಿನ ನೆರಳು ಸೈಕಲ್ಲಿಗಿಂತ ಮುಂಚೆಯೇ ಅವಳ ಕಾಲ ಬಳಿಗೆ ಬಂದು ಮುಟ್ಟುತ್ತದೆ. ನೆರಳು ಕಂಡೊಡನೆ ಸೋಮಮ್ಮ ಗದ್ದೆ ಕಡೆಗೆ ಸರಿದು, “ಬಾರಪ್ಪ, ಬಾ,” ಅನ್ನುವಳು. ಮೋಡದ ದಿನ ನೆರಳಿಲ್ಲವಲ್ಲ? ಆ ದಿನಗಳಲ್ಲಿ ಒಂದು ಸೋಜಿಗ ನಡೆಯುತ್ತಿತ್ತು. ಸೈಕಲ್ಲಿನವರೆಲ್ಲ ತಾವಾಗಿಯೇ ಇಳಿದು, ಸೈಕಲ್ಲನ್ನು ಎತ್ತಿಕೊಂಡು, ಹುಲ್ಲಿನ ಇಳಿಜಾರಿನಲ್ಲಿ ಅವಳನ್ನು ಬಳಸಿ ಹೋಗಿ, ಮುಂದೆ ಮತ್ತೆ ಏರಿ ಹತ್ತುತ್ತಿದ್ದರು. ಸೋಮಮ್ಮ ಅದನ್ನು ನೋಡಿ, ಈಚೀಚೆಗೆ ಇವರೆಲ್ಲ ಬಲು ಮರ್ಯಾದಸ್ತರಾದರು, ನಾನು ಬಯ್ದದ್ದು ಸಾರ್ಥಕವಾಯಿತು ಅಂತ ಒಳಗೊಳಗೇ ಬೀಗುತ್ತಿದ್ದಳು.

ಹೀಗಿರುವಾಗ ಸಾಗರ್ ಬಂದ. ಗುಂಡ್ಲುಪೇಟೆಯ ಹುಡುಗ. ನಗರದ ಒಂದು ಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಸಿಕ್ಕಿ, ಸೋಮಮ್ಮನ ಊರಿಗೆ ಕೊಟ್ಟಿದ್ದ ಅಕ್ಕ ಗಂಗಾಂಬಿಕೆಯ ಮನೆಯಲ್ಲಿ ಇಳಿದುಕೊಂಡಿದ್ದ. ಅಕ್ಕ ಮೊದಲ ದಿನವೇ ಏರಿ ಕಾಯಿದೆಯನ್ನೆಲ್ಲ ಹೇಳಿಕೊಟ್ಟಿದ್ದಳು. ಪಾಪ, ಅವಳಿಗೆ ಗೊತ್ತಿದ್ದದ್ದೂ ಅಷ್ಟೇ.

ಕಾರ್ತಿಕದ ಕೊನೆಯಲ್ಲಿ ಎರಡು ದಿನ ಮೋಡ ಕವಿದುಕೊಂಡಿತ್ತು. ಸೋಮಮ್ಮ ಹೊರೆ ಹೊತ್ತು ಏರಿಯ ನಡುವಿಗೆ ಬಂದಿದ್ದಳು. ಹಿಂದೆ ಅವಳ ಪಕ್ಕದ ಮನೆಯ ಕುಮಾರಿ, ರೇಷ್ಮೆ ಫ್ಯಾಕ್ಟರಿಗೆ ಹೋಗುವವಳು, ನಾಲ್ಕು ಹೆಜ್ಜೆ ದೂರದಲ್ಲಿ ಬರುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಸೋಮಮ್ಮನ ಮೊಣಕೈ ಪಕ್ಕದಲ್ಲೇ ಒಂದು ಚಕ್ರ ಕಾಣಿಸಿತು. ಬೆಚ್ಚಿ ಅದರ ಕಡೆಗೇ ಕಾಲಿಟ್ಟಳು. ಮರುಗಳಿಗೆ ಅವಳು ನೆಲದ ಮೇಲೆ, ಎಲೆ ಇಳಿಜಾರಿನ ತುಂಬ, ಸಾಗರ್ ಸೈಕಲ್ಲಿನ ಸಮೇತ ಮೊಣಕಾಲುದ್ದ ಕೆರೆಯ ಕೆಸರಿನಲ್ಲಿ.

ಹರಿದ ಎಲೆಯಲ್ಲಿ ಯಾರೂ ಊಟ ಬಡಿಸುವುದಿಲ್ಲ. ಒಂದು ಹೊರೆ ಎಲೆ ಹಾಳು. ಸೋಮಮ್ಮನಿಗೆ ಮೊಣಕೈ ತರಚಿದ್ದು ಬಿಟ್ಟರೆ ಬೇರೇನಾಗಿರಲಿಲ್ಲ, ಆದರೆ ಸಿಟ್ಟು ನೆತ್ತಿಗೇರಿತ್ತು.

“ಮಕ್ಕಳಿಗೆ ಬುದ್ಧಿ ಹೇಳೋ ಮೇಷ್ಟ್ರಂತೆ. ಬೆಕ್ಕಿನಂಗೆ ಬಂದು ಮ್ಯಾಲೆ ಬೀಳೋದು ಯಾವ್ ಪುಸ್ತಕದಲ್ಲಿ ಬರ್ದದೆ ಮೇಷ್ಟ್ರೇ? ಒಂದು ಕೂಗು ಕೂಗಿದ್ರೆ ನಿಮ್ಮ ನಾಲ್ಗೆ ಸವೆದೋಯ್ತಿತ್ತಾ?”

ಸಾಗರ್ ಬಾಯಿ ತೆರೆದ. ಅಷ್ಟರಲ್ಲಿ ಶಿವರುದ್ರಸ್ವಾಮಿ ಹಿಂದಿನಿಂದ ಬಂದು ಅವನ ತೋಳು ಹಿಡಿದುಕೊಂಡು ಮುಖ ನೋಡಿದರು. ಏನು ಹೇಳಿದರೋ, ಸಾಗರ್ ಬಾಯಿ ಮುಚ್ಚಿದ. ಸೋಮಮ್ಮ ತೀರ್ಪು ಕೊಟ್ಟಳು. ಒಂದು ತಿಂಗಳು ಏರಿ ಮೇಲೆ ಸೈಕಲ್ಲು ಹತ್ತಕೂಡದು.

ಮರುದಿನದಿಂದ ಹುಡುಗ ತಳ್ಳಿದ. ಎಲ್ಲರೂ ಹಾದು ಹೋದ ಮೇಲೆ ಅವನೊಬ್ಬ ಉಳಿಯುತ್ತಿದ್ದ. ಏರಿ ಮುಗಿಯುವ ತೂಬಿನ ಹತ್ತಿರ ಹತ್ತಿಕೊಂಡು ಎದ್ದೆನೋ ಬಿದ್ದೆನೋ ಅಂತ ತುಳಿಯುತ್ತಿದ್ದ. ಆದರೂ ಸ್ಕೂಲಿನಲ್ಲಿ ದಿನಾ ತಡವಾಗಿ, ಹೆಡ್ ಮಾಸ್ಟರರಿಂದ ಎಲ್ಲರೆದುರು ಅನ್ನಿಸಿಕೊಳ್ಳುತ್ತಿದ್ದಾನೆ ಅಂತ ಸುದ್ದಿ ಬಂತು. ನಾಲ್ಕನೆಯ ದಿನ ಸೋಮಮ್ಮ ಕುಮಾರಿಯ ಜೊತೆ ನಡೆಯುತ್ತಾ, “ಅಲ್ಲ ಕಣಮ್ಮಿ, ಬಾಯಿ ಬುಟ್ಟು ಒಂದ್ ಸಲಾನಾದ್ರೂ ಕೂಗ್ಬಾರ್ದಾಗಿತ್ತಾ ಅವ್ನು?” ಅಂದಳು.

ಕುಮಾರಿ ತಲೆ ತಗ್ಗಿಸಿದಳು. ಸೋಮಮ್ಮ ನಿಂತಳು. “ಯಾಕಮ್ಮಿ?”

ಕುಮಾರಿ ಅತ್ತಿತ್ತ ನೋಡಿ ಮೂರು ಬೆರಳು ಎತ್ತಿ ತೋರಿಸಿದಳು.

ಸೋಮಮ್ಮನಿಗೆ ಏರಿಯೇ ಕಾಲ ಕೆಳಗಿಂದ ಜಾರಿದಂತಾಯಿತು. ಹುಡುಗ ಕೂಗಿದ್ದಾನೆ. ಮೂರು ಸಲ. ನೀರಿನ ಮಗ್ಗುಲಲ್ಲೇ ಬಂದಿದ್ದಾನೆ. ಅವಳು ಹಾಕಿದ ಕಾಯಿದೆಯನ್ನು ಅಕ್ಷರ ಬಿಡದೆ ಪಾಲಿಸಿದವನಿಗೆ ಅವಳೇ ಶಿಕ್ಷೆ ಕೊಟ್ಟಿದ್ದಾಳೆ.

ಹೋಗಿ ತಪ್ಪಾಯಿತಪ್ಪಾ ಅನ್ನಬಹುದಿತ್ತು. ಆದರೆ ಹಾಗಂದರೆ ಕಿವಿ ಹೋದದ್ದನ್ನೂ ಒಪ್ಪಿಕೊಂಡಂತೆ. ಬೆಳಿಗ್ಗೆ ಏರಿ ಮೇಲೆ ಆಡಿದ ಮಾತು ಸಂಜೆಗೆ ಮನೆಯ ಹೊಸಿಲು ದಾಟುತ್ತದೆ. ಆಮೇಲೆ ಅವಳ ಲೋಕ ಅಂದರೆ ಜಗಲಿ, ಅದೂ ಬಿಸಿಲು ಬರುವ ತನಕ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ನಾಳೆ ಹೇಳೋಣ ಅಂದುಕೊಂಡಳು. ನಾಳೆ ಬಂದಾಗ ನಾಡಿದ್ದು ಅಂದುಕೊಂಡಳು. ಆ ಹುಡುಗ ತಳ್ಳಿಕೊಂಡು ಹೋಗುವಾಗ ದಿನವೂ ಅವಳ ಮುಂದೆ ಬಂದು ಕೈ ಮುಗಿದು ಹೋಗುತ್ತಿದ್ದ. ಬಯ್ದುಕೊಂಡು ಹೋಗಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. ಆ ನಮಸ್ಕಾರ ಅವಳನ್ನು ಕೊಂದುಹಾಕಿತು.

ಮಾದೇವ ಆ ದಿನಗಳಲ್ಲಿ ಊರಲ್ಲಿರಲಿಲ್ಲ. ಗುಂಡ್ಲುಪೇಟೆ ಆಚೆಯ ಮದ್ದೂರು ಕಾಡಿನಲ್ಲಿ ಬೆಂಕಿ ಹರಡದ ಹಾಗೆ ಹುಲ್ಲು ಸವರುವ ಕೂಲಿಗೆ ಹೋಗಿದ್ದ. ಅವ್ವ ಬಿದ್ದು ಹದಿನೆಂಟು ದಿನವಾದ ಮೇಲೆ ಬಂದ. ಹೆಂಡತಿ ಅವ್ವ ಬಿದ್ದ ಸುದ್ದಿ ಹೇಳಿದ್ದೇ ತಡ, ಬೆಳಿಗ್ಗೆ ಎದ್ದು ಎಲೆಯ ಹೊರೆಯನ್ನು ತಾನೇ ಹೊತ್ತು ಅವ್ವನ ಜೊತೆ ಹೊರಟ. ತೂಬಿನ ಹತ್ತಿರ ಹೊರೆಯನ್ನು ಕಲ್ಲಿನ ಮೇಲಿಟ್ಟು ಕಾದು ನಿಂತ. ಸಾಗರ್ ಸೈಕಲ್ಲು ತಳ್ಳಿಕೊಂಡು ಬಂದ. ಶಿವರುದ್ರಸ್ವಾಮಿ, ಕುಮಾರಿ, ಹಾಲಿನವರು, ಇನ್ನೂ ಹತ್ತಾರು ಜನ ಏನಾಗುತ್ತದೋ ಅಂತ ಅಲ್ಲೇ ನಿಂತುಕೊಂಡಿದ್ದರು.

ಮಾದೇವ ಸಾಗರನ ಅಂಗಿಯ ಕಾಲರ್ ಹಿಡಿದದ್ದು ಸೋಮಮ್ಮನಿಗೆ ಕಂಡಿತು. ಮಗನ ತುಟಿ ಸಿಟ್ಟಿನಲ್ಲಿ ಅದುರುತ್ತಿತ್ತು. ಏನು ಹೇಳುತ್ತಿದ್ದಾನೆಂದು ಅವಳಿಗೆ ಕೇಳದಿದ್ದರೂ ತಿಳಿಯಿತು. ಸಾಗರ್ ಅವಳ ಕಡೆಗೊಮ್ಮೆ ನೋಡಿ ಕಣ್ಣು ಕೆಳಗೆ ಮಾಡಿದ. ಮಾದೇವನ ಕೈ ಮೇಲೆದ್ದಿತು.

“ಬುಡ್ಲಾ ಅವ್ನ,” ಅಂದಳು ಸೋಮಮ್ಮ. ಎಷ್ಟು ಜೋರಾಗಿ ಅಂದಳೋ ಅವಳಿಗೇ ತಿಳಿಯಲಿಲ್ಲ. “ಆ ಮೇಷ್ಟ್ರು ಕೂಗವ್ರೆ. ಮೂರ್ಸಲ ಕೂಗವ್ರೆ. ನಂಗೇ ಕೇಳ್ನಿಲ್ಲ. ನನ್ ಕಿವಿ ಓಗಿ ಎರಡು ವರ್ಷಾಯ್ತು ಮಾದೇವ. ಸುಳ್ಳೇಳ್ದೆ ನಿಂಗೆ.” ಆಮೇಲೆ ಸಾಗರನ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು. “ತಪ್ಪು ನಂದು ಕಣಪ್ಪ. ಗೊತ್ತಾಗಿ ಎರಡು ವಾರಾಯ್ತು. ಏರಿ ಬುಡ್ಬೇಕಾಗ್ತದಲ್ಲಾ ಅಂತ ಎದ್ರುಕೊಂಡು ಬಾಯಿ ಬುಡ್ನಿಲ್ಲ.”

ಹೇಳಿ ಮುಗಿಸಿ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಮಾದೇವನೊಬ್ಬನನ್ನು ಬಿಟ್ಟರೆ ಯಾರ ಮುಖದಲ್ಲೂ ಆಶ್ಚರ್ಯವಿರಲಿಲ್ಲ. ಹಾಲಿನವರು ನೆಲ ನೋಡಿದರು. ಕುಮಾರಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಸೋಮಮ್ಮನಿಗೆ ಆಗ ಹೊಳೆಯಿತು. ಮೋಡದ ದಿನ ಇಷ್ಟು ಜನ ಸೈಕಲ್ಲು ಎತ್ತಿಕೊಂಡು ಹುಲ್ಲಿನಲ್ಲಿ ಇಳಿದು ಹತ್ತಿದ್ದು ಅವಳ ಬಯ್ಗುಳಕ್ಕೆ ಹೆದರಿ ಅಲ್ಲ.

“ನಿಮ್ಗೆಲ್ಲಾ ಗೊತ್ತಿತ್ತಾ?” ಅಂದಳು.

ಶಿವರುದ್ರಸ್ವಾಮಿ ಹತ್ತಿರ ಬಂದು ಅವಳ ಕಿವಿಗೆ ಬಾಯಿಟ್ಟು, “ಗೊತ್ತಿತ್ತು ಸೋಮವ್ವ. ಈ ಮೇಷ್ಟ್ರಿಗೆ ಮೊದಲೇ ಹೇಳದೆ ಇದ್ದದ್ದು ನಮ್ಮ ತಪ್ಪು. ಬಿದ್ದ ದಿನ ಹೇಳಿದೆ. ಆಯ್ತು ಸ್ವಾಮಿ, ತಳ್ತೀನಿ ಬಿಡಿ ಅಂದ್ರು,” ಅಂದರು. ಕೂಗಿದ್ದಕ್ಕೆ ಅವರ ಕೊರಳಿನ ನರ ಉಬ್ಬಿತ್ತು. ಆಮೇಲೆ ಮಾದೇವನ ಕಡೆ ತಿರುಗಿ ಏನೋ ಹೇಳಿದರು. ಅದು ಅವಳಿಗೆ ಕೇಳಲಿಲ್ಲ. “ಅವಳಿಗೆ ಕಿವಿ ಇಲ್ಲದಿದ್ದರೆ ಏನಪ್ಪಾ, ನಮಗೆ ಕಣ್ಣಿಲ್ಲವಾ?” ಅಂದರಂತೆ. ಕುಮಾರಿ ಆಮೇಲೆ ಹೇಳಿದಳು.

ಮಾದೇವ ಸಾಗರನ ಅಂಗಿಯನ್ನು ತಾನೇ ಕೈಯಿಂದ ಸರಿಮಾಡಿದ. ಸೈಕಲ್ಲು ಹಿಡಿದುಕೊಂಡು ನಿಂತಿದ್ದವರನ್ನೆಲ್ಲ ಒಂದು ಸುತ್ತು ನೋಡಿದ. ಸೋಮಮ್ಮ ಮಗನ ಬಾಯನ್ನೇ ನೋಡುತ್ತಿದ್ದಳು. ಇಪ್ಪತ್ತೇಳು ವರ್ಷ ನಡೆದ ದಾರಿ ಈಗ ಆ ಬಾಯಿಂದ ಬರುವ ಒಂದು ಮಾತಿನ ಮೇಲೆ ನಿಂತಿತ್ತು. ಬೇಡ ಅನ್ನುತ್ತಾನೆ, ಅಂದರೆ ಎದುರು ಹೇಳಬಾರದು, ಸುಳ್ಳು ಹೇಳಿದವಳು ನಾನು ಅಂತ ಮನಸ್ಸು ಗಟ್ಟಿ ಮಾಡಿಕೊಂಡಳು.

ಮಾದೇವ ಎಲೆಯ ಹೊರೆಯನ್ನು ಕಲ್ಲಿನ ಮೇಲಿಂದ ಎತ್ತಿ ಅವ್ವನ ತಲೆಯ ಮೇಲಿಟ್ಟ. ಬಳಸಿ ಅವಳ ಎದುರಿಗೆ ಬಂದು ನಿಂತ. ಅವಳಿಗೆ ಕಾಣಲಿ ಅಂತ ಒಂದೊಂದೇ ಮಾತನ್ನು ನಿಧಾನವಾಗಿ ಬಿಡಿಸಿ ಕೇಳಿದ.

“ನಾಳೀಕೆ ಎಷ್ಟು ಕಟ್ಟು ಎಲೆ ಕುಯ್ಲವ್ವ?”

ಸೋಮಮ್ಮ ಹೊರೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದರಲ್ಲಿ ಮೂಗು ಒರೆಸಿಕೊಂಡಳು. “ಯಾವಾಗ್ಲೂ ಕುಯ್ಯೋವಷ್ಟೇ ಕುಯ್ಯಿ,” ಅಂದಳು.