ಕೊಟ್ರಮ್ಮ ಟೀಚರ್ ಇಟ್ಟ ಮುಹೂರ್ತ

ಒಂದು ಕೈಯಲ್ಲಿ ಗಂಡಸರ ಕರೀ ಛತ್ರಿ, ಬಾಯಲ್ಲಿ ಸೀಟಿ, ಸೊಂಟಕ್ಕೆ ಎತ್ತಿ ಸಿಗಿಸಿದ ಸೀರೆಯ ನೆರಿಗೆ, ಕಾಲಿಗೆ ಬಿಳೀ ಕ್ಯಾನ್ವಾಸ್ ಬೂಟು. ಫುಟ್‌ಬಾಲ್ ರೆಫರಿ ಅಂದರೆ ಹೀಗೇ ಇರುತ್ತಾರೆ ಅಂತ ನಾನು ಬಹಳ ದಿನ ನಂಬಿದ್ದೆ. ಟೀವಿಯಲ್ಲಿ ಮೊದಲ ಸಲ ಛತ್ರಿಯಿಲ್ಲದ ರೆಫರಿಯನ್ನು ನೋಡಿದಾಗ, ಅಯ್ಯೋ ಪಾಪ, ಈ ಮನುಷ್ಯನ ಬಗ್ಗೆ ಕಾಳಜಿ ಮಾಡೋರು ಮನೆಯಲ್ಲಿ ಯಾರೂ ಇಲ್ಲವೇನೋ ಅನ್ನಿಸಿತ್ತು. ನಮ್ಮ ಕೊಟ್ರಮ್ಮ ಟೀಚರ್ ಫೌಲ್ ಆದರೆ ಛತ್ರಿ ಮಡಚಿ ಅದರ ತುದಿಯಿಂದ ತಪ್ಪು ಮಾಡಿದವಳನ್ನು ತೋರಿಸುತ್ತಿದ್ದರು. ಕಾಂಪೌಂಡಿನ ಮೇಲೆ ಕೂತ ಗಂಡುಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ನಗಲಿ, ಅವರಿಗೇನು ಕೆಲಸ!

ನಾನು ಹೊಸಹಳ್ಳಿಯವಳು, ಹೈಸ್ಕೂಲು ಓದಿದ್ದು ಕೂಡ್ಲಿಗಿಯಲ್ಲಿ. ಕೊಟ್ರಮ್ಮ ನಮ್ಮ ಪಿ.ಟಿ. ಟೀಚರ್. ಆಗ ನಲವತ್ತರ ಹತ್ತಿರ ಬಂದಿದ್ದರು, ಮದುವೆಯಾಗಿರಲಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರಿನ ಹುಡುಗಿಯರ ಫುಟ್‌ಬಾಲ್ ಲೀಗ್ ಅಂತ ಒಂದಿತ್ತಲ್ಲ, ಅದನ್ನು ಹುಟ್ಟಿಸಿದವರೇ ಅವರು. ಡಿಸೆಂಬರಿನಲ್ಲಿ ಶುರುವಾಗಿ ಸಂಕ್ರಾಂತಿಯ ಹೊತ್ತಿಗೆ ಮುಗಿಯುತ್ತಿತ್ತು. ನಾನು ಕೂಡ್ಲಿಗಿಯ ಡಿಫೆಂಡರ್. ಓಡುವುದರಲ್ಲಿ ಅಷ್ಟಕ್ಕಷ್ಟೇ, ಅಡ್ಡ ನಿಲ್ಲುವುದರಲ್ಲಿ ಮಾತ್ರ ಗಟ್ಟಿಗಿತ್ತಿ.

ಟೀಚರ್ ಚಿಂತೆ ಮಾಡದ ವಿಷಯ ಈ ಭೂಮಿಯ ಮೇಲೆ ಇರಲಿಲ್ಲ. ಬಸ್ಸು ಸ್ವಲ್ಪ ತಡವಾದರೆ ಎಲ್ಲೋ ಪಲ್ಟಿಯಾಗಿದೆ ಅನ್ನುವರು. ಯಾವಳಾದರೂ ಸೀನಿದರೆ ಹಣೆ ಮುಟ್ಟಿ ನೋಡುವರು. ಮೈದಾನದಲ್ಲಿ ನಾಯಿ ಮಲಗಿದ್ದರೆ ಅದು ಎದ್ದು ಹೋಗುವತನಕ ಆಟವಿಲ್ಲ. "ಮೊದ್ಲು ನೀರು, ಆಮ್ಯಾಲೆ ಗೋಲು" ಅನ್ನುವುದು ಅವರ ಮಂತ್ರ. ಗೋಲು ಹೊಡೆಯಲು ಹೊರಟವಳನ್ನೂ ಸೀಟಿ ಊದಿ ನಿಲ್ಲಿಸಿ ನೀರು ಕುಡಿಸಿದ ಹೆಂಗಸು ಅದು. ಹಾಗೆ ನಿಂತು ಹೋದ ಗೋಲಿಗಾಗಿ ಹಡಗಲಿಯವರು ನಮ್ಮ ಮೇಲೆ ಇವತ್ತಿಗೂ ಹಲ್ಲು ಕಡಿಯುತ್ತಾರೆ.

ಇಂಥಾ ಟೀಚರ್ ಒಂದು ದಿನ, ಲೀಗನ್ನು ಬೇಸಿಗೆಗೆ ಒಯ್ಯೋಣ, ಏಪ್ರಿಲ್ ಮೇ ತಿಂಗಳಲ್ಲಿ ಆಡಿಸೋಣ ಅಂದರೆ ಯಾರು ತಾನೇ ನಂಬಬೇಕು? ಕೊಟ್ಟೂರಿನಲ್ಲಿ ಮ್ಯಾಚು ಮುಗಿದ ಮೇಲೆ ಐದೂ ಊರಿನ ಪಿ.ಟಿ. ಮಾಸ್ತರರ ಮೀಟಿಂಗು. ನಾವು ಕಿಟಕಿಯ ಹೊರಗೆ ಮಂಡಕ್ಕಿ ಮಿರ್ಚಿ ತಿನ್ನುತ್ತ ಎಲ್ಲಾ ಕೇಳಿಸಿಕೊಂಡೆವು. ಚಳಿಗಾಲದಲ್ಲಿ ಶೇಂಗಾ ಬಿಡಿಸಲು ಹೋಗುವ ಹುಡುಗಿಯರು ಸಿಗುವುದಿಲ್ಲ, ಪರೀಕ್ಷೆ ಹತ್ತಿರ ಬರುತ್ತದೆ, ಮಳೆಗಾಲವೆಲ್ಲ ಬಿತ್ತನೆ ಕಳೆ ಅಂತ ಹೋಗುತ್ತದೆ, ಬೇಸಿಗೆಯಲ್ಲಾದರೆ ಶಾಲೆಯೂ ಇಲ್ಲ ಮೈದಾನವೂ ಖಾಲಿ ಅಂತ ಟೀಚರ್ ಒಂದೊಂದೇ ಕಾರಣ ಇಟ್ಟರು. ಕಡೆಗೆ, ಹೊರದೇಶಗಳಲ್ಲೂ ಎಷ್ಟೋ ಕಡೆ ಬೇಸಿಗೆಯಲ್ಲೇ ಲೀಗ್ ಆಡುತ್ತಾರೆ ಅಂತಲೂ ಸೇರಿಸಿದರು. ಹರಪನಹಳ್ಳಿಯ ಸಿದ್ದಪ್ಪ ಮಾಸ್ತರರು ಒಳ್ಳೆಯವರು, ಎಲ್ಲರಿಗಿಂತ ಹಿರಿಯರು. ಅವರಿಗೆ ತಡೆಯಲಾಗಲಿಲ್ಲ.

"ಅಲ್ಲಿ ಹಿಮ ಬೀಳತೈತಿ, ಅದಕ್ಕ ಬ್ಯಾಸಿಗ್ಯಾಗ ಆಡ್ತಾರ. ಕೂಡ್ಲಿಗ್ಯಾಗ ಹಿಮ ಬೀಳತೈತೇನಮ್ಮಾ? ಹುಡುಗ್ಯಾರ್ನ ಬಿಸಲಾಗ ಬೇಯಿಸ್ತೀಯೇನು?"

ಎಲ್ಲರೂ ನಕ್ಕರು. ಟೀಚರ್ ನಗಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಶುರು ಮಾಡಿ ಬಿಸಿಲೇರುವಷ್ಟರಲ್ಲಿ ಮುಗಿಸುತ್ತೇನೆ, ಏನಾದರೂ ಆದರೆ ನನ್ನ ಮೇಲೆ ಹಾಕಿ ಅಂತ ಗೋಗರೆದು, ಒಂದೇ ಒಂದು ವರ್ಷಕ್ಕೆ ಅಂತ ಒಪ್ಪಿಸಿದರು.

ಬಸ್ಸಿನಲ್ಲಿ ಕೂಡ್ಲಿಗಿಗೆ ವಾಪಸು ಬರುವಾಗ ನಾನು ಅವರ ಪಕ್ಕ ಕೂತಿದ್ದೆ. ಬಾಯಿ ಸುಮ್ಮನಿರಬೇಕಲ್ಲ, ಸಿದ್ದಪ್ಪ ಸರ್ ಹೇಳಿದ್ದು ಖರೇ ಅಲ್ವೇನ್ರಿ ಟೀಚರ್ ಅಂದೆ. ಅವರು ಹುಲಿಗೆಮ್ಮನ ಮಾತು ತೆಗೆದರು. ಹುಲಿಗೆಮ್ಮ ನಮ್ಮ ತಂಡದವಳು, ಐದೂ ಊರಿನಲ್ಲಿ ಅವಳಷ್ಟು ಜೋರಾಗಿ ಓಡುವವಳು ಇರಲಿಲ್ಲ. ಹಿಂದಿನ ವರ್ಷ ಒಂಬತ್ತನೇ ಕ್ಲಾಸಿನ ಪರೀಕ್ಷೆ ಬರೆದು ಬೇಸಿಗೆ ರಜೆಗೆ ಊರಿಗೆ ಹೋದವಳು ಜೂನಿನಲ್ಲಿ ಬರಲಿಲ್ಲ. ಆಗಸ್ಟಿನಲ್ಲಿ ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಕೊರಳಿಗೆ ತಾಳಿ ಹಾಕಿಕೊಂಡು ನಿಂತಿದ್ದಳಂತೆ. ಟೀಚರನ್ನು ಕಂಡು ಸೆರಗಿನಿಂದ ಮುಖ ಮುಚ್ಚಿಕೊಂಡಳಂತೆ.

"ನಮ್ಮ ಹುಡುಗ್ಯಾರು ಹೋಗೋದೆಲ್ಲಾ ಬ್ಯಾಸಿಗಿ ರಜಿಯಾಗ, ಮಂಜಿ" ಅಂದರು ಟೀಚರ್. "ಸಾಲಿ ಇದ್ದಾಗ ಯಾರೂ ಮುಟ್ಟಂಗಿಲ್ಲ. ರಜಿ ಬಿಟ್ರ ಕೇಳೋರಿಲ್ಲ. ಮ್ಯಾಚ್ ಐತಿ, ಹುಡುಗಿ ಬೇಕು ಅಂದ್ರ ಒಂದೀಟು ಕೇಳ್ದಂಗಾಗತೈತಿ."

ಪೊಲೀಸರಿಗೆ ಹೇಳಬಾರದೇ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಹೇಳಿದ್ದರಂತೆ, ಒಮ್ಮೆ, ಬೇರೊಬ್ಬ ಹುಡುಗಿಯ ಮದುವೆಯ ಹೊತ್ತಿಗೆ. ಸಾಹೇಬರು ಬಂದು ಮದುವೆ ನಿಲ್ಲಿಸಿ, ಮುಚ್ಚಳಿಕೆ ಬರೆಸಿಕೊಂಡು ಹೋದರು. ಹತ್ತೇ ದಿನಕ್ಕೆ ಆ ಮನೆಯವರು ದೂರದ ಯಾವುದೋ ಊರಿನ ಗುಡಿಯಲ್ಲಿ ಅಕ್ಕಿಕಾಳು ಹಾಕಿಸಿ ಮದುವೆ ಮುಗಿಸಿದರು. ಆಮೇಲೆ ಆ ಹುಡುಗಿಯ ಊರಿನಿಂದ ಒಬ್ಬಳನ್ನೂ ಆಟಕ್ಕೆ ಕಳಿಸಲಿಲ್ಲ.

ಮಾರ್ಚಿನಲ್ಲಿ ಟೀಚರ್ ಮಠದ ಅಯ್ಯನೋರ ಹತ್ತಿರ ಹೋಗಿ, ಈ ಬೇಸಿಗೆಯಲ್ಲಿ ಒಳ್ಳೆಯ ಮದುವೆ ಮುಹೂರ್ತ ಯಾವ್ಯಾವು ಅಂತ ವಿಚಾರಿಸಿದರು. ಅಯ್ಯನೋರಿಗೆ ಎಲ್ಲಿಲ್ಲದ ಖುಷಿ. ಅಂತೂ ಟೀಚರಮ್ಮಗ ಕಂಕಣಬಲ ಕೂಡಿ ಬಂತು ಅಂತ ಒಂದೂ ಬಿಡದೆ ಹೇಳಿ, ಸಂಜೆಯ ಹೊತ್ತಿಗೆ ಊರಿಗೆಲ್ಲ ಸುದ್ದಿ ಹಂಚಿದರು. ಗಂಡು ಯಾರು, ಯಾವೂರು ಅಂತ ಹೋಟೆಲುಗಳಲ್ಲಿ ಅದೇ ಮಾತು. ಟೀಚರ್ ಇಲ್ಲವೆನ್ನಲೂ ಇಲ್ಲ, ಹೌದೆನ್ನಲೂ ಇಲ್ಲ. ಆ ಮುಹೂರ್ತದ ದಿನಗಳನ್ನೇ ಹಿಡಿದು ಲೀಗಿನ ಮ್ಯಾಚುಗಳನ್ನು ಇಟ್ಟರು! ಯಾವ ತಂಡದ ಯಾವ ಹುಡುಗಿಗೆ ಮನೆಯಲ್ಲಿ ಮಾತು ನಡೆದಿದೆ ಅಂತ ನಮ್ಮ ಬಾಯಿಂದ ಕೇಳಿಕೊಂಡು, ಆ ತಂಡಕ್ಕೆ ಆ ದಿನವೇ ಆಟ.

ನನ್ನ ಮನೆಯಲ್ಲೂ ಮಾತು ನಡೆದಿತ್ತು. ನಮ್ಮ ಸೋದರತ್ತೆ ಗುಡೇಕೋಟೆಯವಳು, ಅವಳ ಮಗ ಜೆಸಿಬಿ ಓಡಿಸುತ್ತಿದ್ದ. ಹುಡುಗ ಕೆಟ್ಟವನಲ್ಲ, ಚಿಕ್ಕಂದಿನಲ್ಲಿ ನನಗೆ ಬಾರಿಹಣ್ಣು ತಂದುಕೊಡುತ್ತಿದ್ದ. ಬಾರಿಹಣ್ಣು ತಿಂದ ತಪ್ಪಿಗೆ ಹತ್ತನೇ ಕ್ಲಾಸು ಮುಗಿದ ಕೂಡಲೇ ತಾಳಿ ಕಟ್ಟಿಸಿಕೊಳ್ಳಬೇಕೇನು? ಅತ್ತೆ ಏಪ್ರಿಲ್ಲಿನಲ್ಲೇ ಬಂದು ನಮ್ಮ ಮನೆಯಲ್ಲಿ ಠಿಕಾಣಿ ಹೂಡಿದಳು. ಅಪ್ಪನದು ಚಿಕ್ಕ ಕಿರಾಣಿ ಅಂಗಡಿ. ಬಾಯಿ ಬಿಟ್ಟು ಮಾತಾಡುವ ಜಾಯಮಾನವಲ್ಲ. ಅವನ ಅಕ್ಕ, ಅಂದರೆ ಈ ಅತ್ತೆ, ಒಂದು ದಿನ ಹೇಳಿದರೆ ಹೂಂ ಅನ್ನುವನು. ಅವತ್ತು ಮ್ಯಾಚ್ ಐತಂತ, ಟೀಚರಿಗೆ ಮಾತು ಕೊಟ್ಟೀನಿ ಅಂತ ಆಮೇಲೆ ಗೊಣಗುವನು. ಅತ್ತೆ ಇನ್ನೊಂದು ದಿನ ಹೇಳುವಳು, ಅವತ್ತೂ ಮ್ಯಾಚು. ಇದೇನು ಸುಡುಗಾಡು ಚೆಂಡಾಟಾನೋ, ಮೂರ್ತ ನೋಡ್ಕೊಂಡು ಬರತೈತಿ ಅಂತ ಅವಳು ರೇಗಿದಾಗ ನಾನು ಒಳಗೆ ಹೋಗಿ ಬಾಯಿಗೆ ಲಂಗದ ಚುಂಗು ತುರುಕಿಕೊಂಡು ನಕ್ಕೆ. ನಕ್ಕು ಮುಗಿದ ಮೇಲೆ ಭಯವಾಯಿತು. ಮುಹೂರ್ತಗಳು ಮುಗಿಯುವತನಕ ಲೀಗು ನಡೆಯುತ್ತಲೇ ಇರಬೇಕಲ್ಲ.

ಅಕ್ಷಯ ತೃತೀಯ ಬಂತು. ಅವತ್ತು ಮುಹೂರ್ತ ನೋಡುವ ಹಂಗೇ ಇಲ್ಲ, ಯಾವ ಗಳಿಗೆಯಾದರೂ ನಡೆಯುತ್ತದೆ. ಅತ್ತೆ ಸೀರೆ, ಬಳೆ ಎಲ್ಲಾ ತಂದಿಟ್ಟು, ಅದೇನು ಆಡ್ತಾಳೋ ಮುಂಜಾನೆ ಆಡ್ಕೊಂಡು ಬರ್ಲಿ, ಸಂಜಿಗೆ ಗುಡಿಯಾಗ ಅಕ್ಕಿಕಾಳು ಹಾಕಿಬಿಡೋಣ ಅಂದಳು. ಅಪ್ಪ ಹೂಂ ಅಂದ. ಅವತ್ತು ನಮಗೆ ಹಗರಿಬೊಮ್ಮನಹಳ್ಳಿಯಲ್ಲಿ ಹಡಗಲಿಯವರ ಜೊತೆ ಮ್ಯಾಚು. ನಸುಕಿನಲ್ಲೇ ಹೋಗಿ ಇಳಿದು ಟೀಚರಿಗೆ ಎಲ್ಲಾ ಹೇಳಿದೆ. ಅವರ ಮುಖ ಸಣ್ಣಗಾಯಿತು. ಮ್ಯಾಚು ಮುಗಿದ ಮೇಲೆ ನಾನೂ ಹೊಸಹಳ್ಳಿಗೆ ಬರ್ತೀನಿ, ಎಲ್ಲರ ಮುಂದ ನಿಂಗ ಬಹುಮಾನ ಕೊಟ್ಟು ನಿಮ್ಮಪ್ಪನ ಜೋಡಿ ಮಾತಾಡ್ತೀನಿ ಅಂದರು.

ಆದರೆ ಹಡಗಲಿಯವರು ಬರಲಿಲ್ಲ. ಬಿಸಿಲೇರಿತು, ಬರಲಿಲ್ಲ. ರಸ್ತೆಯ ತುಂಬ ಮದುವೆ ದಿಬ್ಬಣದ ಟ್ರ್ಯಾಕ್ಟರುಗಳು, ಬಸ್ಸಿಗೆಲ್ಲ ಬೀಗರೇ. ಮುಹೂರ್ತದ ದಿನ ಮ್ಯಾಚ್ ಇಟ್ಟವರಿಗೆ, ಮುಹೂರ್ತದ ದಿನ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ ಅನ್ನುವುದು ಹೊಳೆದಿರಲಿಲ್ಲ. ಅವರು ಬಂದು ಇಳಿದಾಗ ಸೂರ್ಯ ನೆತ್ತಿಗೆ ಬಂದಿದ್ದ. ಮೈದಾನ ಕಾದ ಹಂಚು. ಟೀಚರ್ ಒಮ್ಮೆ ಆಕಾಶ ನೋಡಿದರು, ಒಮ್ಮೆ ನನ್ನ ನೋಡಿದರು. ಆಟ ಬೇಡ ಅಂದರೆ ಬಹುಮಾನದ ನೆಪವೂ ಇಲ್ಲ, ನಾನು ಮುಂದಿನ ಬಸ್ಸಿಗೇ ತಾಳಿ ಕಟ್ಟಿಸಿಕೊಳ್ಳಲು ಮನೆಗೆ ಹೋಗಬೇಕು. ಸೀಟಿ ಬಾಯಿಗಿಟ್ಟು ತೆಗೆದರು, ಮತ್ತೆ ಇಟ್ಟರು. ಆಮೇಲೆ ಊದಿದರು.

ಎಷ್ಟು ಹೊತ್ತು ಆಡಿದೆನೋ ಗೊತ್ತಿಲ್ಲ. ಬೆವರು ಬರುವುದು ನಿಂತಿತು, ಅದು ಒಳ್ಳೆಯದೇ ಅಂದುಕೊಂಡೆ. ಚೆಂಡು ಎರಡೆರಡಾಗಿ ಕಂಡಿತು. ಕಣ್ಣು ಬಿಟ್ಟಾಗ ಆಸ್ಪತ್ರೆಯ ಮಂಚ, ಕೈಗೆ ಸಲೈನು, ಮೈಮೇಲೆಲ್ಲ ಒದ್ದೆ ಬಟ್ಟೆ. ಕಾಲ ಹತ್ತಿರ ಟೀಚರ್ ಕೂತಿದ್ದರು. ಏನೂ ಆಗದಿದ್ದಾಗ ಅಷ್ಟೊಂದು ಗಾಬರಿಯಾಗುತ್ತಿದ್ದ ಹೆಂಗಸು ಅವತ್ತು ಕಲ್ಲಿನಂತೆ ಕೂತಿದ್ದರು. ಅವರನ್ನು ಹಾಗೆ ನೋಡಿ ನಾನು ಸಾಯ್ತೀನಿ ಅಂತಲೇ ಅನ್ನಿಸಿ ಹೆದರಿಕೆಯಾಯಿತು.

ಹೊತ್ತು ಇಳಿಯುವಾಗ ಅಪ್ಪ, ಅತ್ತೆ ಬಂದರು. ಅತ್ತೆ ಬಾಗಿಲಲ್ಲೇ ಶುರು ಮಾಡಿದಳು. ಬಿಸಲಾಗ ಕೊಲ್ಲಾಕ ನಮ್ಮ ಹುಡುಗೀನ ಬೇಕಿತ್ತಾ, ನಿಂಗ ಮಕ್ಳಿದ್ರ ತಿಳೀತಿತ್ತು ಅಂದಳು. ವಾರ್ಡಿನವರೆಲ್ಲ ನೋಡುತ್ತಿದ್ದರು. ಟೀಚರ್ ಎದ್ದು ನಿಂತರು. ಐದೂರಿನ ಮಾಸ್ತರರ ಜೊತೆ ವಾದಿಸಿ ಗೆದ್ದವರು, ಈಗ ಒಂದಾದರೂ ಕಾರಣ ಹೇಳುತ್ತಾರೆ ಅಂತ ನಾನು ಕಾದೆ. ಅವರು ಅಪ್ಪನ ಮುಂದೆ ಹೋಗಿ ಕೈಮುಗಿದರು.

"ತಪ್ಪು ನಂದೈತ್ರಿ. ಬಿಸಲಾಗ ನಿಲ್ಲಿಸ್ದಾಕಿ ನಾನ. ಇನ್ನ ಮ್ಯಾಲೆ ಮಂಜೀನ ಆಟಕ್ಕ ಕರಿಯಂಗಿಲ್ಲ, ನಿಮ್ಮ ಮನಿ ಬಾಗಿಲಿಗೂ ಬರಂಗಿಲ್ಲ. ಆಟ ಬಿಡಿಸ್ರಿ. ಸಾಲಿ ಬಿಡಿಸಬ್ಯಾಡ್ರಿ."

ಅಪ್ಪ ನನ್ನ ಕೈಗೆ ಚುಚ್ಚಿದ ಸೂಜಿಯನ್ನು ನೋಡಿದ. ಅತ್ತೆ, ಸಂಜೀಗೇ ಮುಗಿಸೋಣ, ಇಂಥಾಕಿ ಕೈಯಾಗ ಬಿಟ್ರ ಹುಡುಗಿ ಉಳಿಯಂಗಿಲ್ಲ ಅನ್ನುತ್ತಲೇ ಇದ್ದಳು. ಅಪ್ಪ, ಬ್ಯಾಡಕ್ಕಾ ಅಂದ. ಇವತ್ತೂ ಬ್ಯಾಡ, ಈ ವರ್ಷಾನೂ ಬ್ಯಾಡ, ಓದ್ಲಿ ಅಂದ. ಅಪ್ಪ ಅಕ್ಕನಿಗೆ ಬೇಡ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ಟೀಚರ್ ಕೈಮುಗಿದು ಆಡಿದ ಮಾತನ್ನು ಅಪ್ಪ ಎರಡೂ ಕಡೆ ನಡೆಸಿದ: ಕಾಲೇಜಿಗೆ ಹಚ್ಚಿದ, ಚೆಂಡು ಮುಟ್ಟಲು ಬಿಡಲಿಲ್ಲ.

ಲೀಗು ಮರುವರ್ಷ ಡಿಸೆಂಬರಿಗೆ ವಾಪಸು ಹೋಯಿತು. ಸಿದ್ದಪ್ಪ ಮಾಸ್ತರರು ಟೀಚರಿಗೆ ಒಂದು ಮಾತೂ ಅನ್ನಲಿಲ್ಲವಂತೆ, ಅದೇ ಅವರಿಗೆ ಹೆಚ್ಚು ನೋವಾಯಿತಂತೆ. ಆಮೇಲೂ ಪ್ರತಿ ಜೂನಿನಲ್ಲಿ ಯಾರ್ಯಾರೋ ಹುಡುಗಿಯರು ಶಾಲೆಗೆ ಬರಲಿಲ್ಲ.

ಟೀಚರನ್ನು ನಾನು ಕಡೆಯ ಸಲ ನೋಡಿದ್ದು ಹೋದ ವರ್ಷ, ಕೊಟ್ಟೂರು ಬಸ್‌ಸ್ಟ್ಯಾಂಡಿನಲ್ಲಿ. ನಾನೀಗ ಹರಪನಹಳ್ಳಿಯ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ರಕ್ತ ಪರೀಕ್ಷೆ ಇತ್ಯಾದಿ. ನನಗೆ ಬೇಕಾದವನನ್ನು ನನಗೆ ಬೇಕಾದಾಗ ಮದುವೆಯಾಗಿದ್ದೇನೆ. ಟೀಚರ್ ಬಹಳ ಸೊರಗಿದ್ದರು. ಬಿಸಿಲಿಗೆ ನಾನು ಕಪ್ಪು ಕನ್ನಡಕ ಹಾಕಿ, ತಲೆಗೆ ದುಪಟ್ಟಾ ಬಿಗಿದದ್ದನ್ನು ನೋಡಿ ಯಾಕೆ ಅಂದರು. ಹೇಳಬಾರದಾಗಿತ್ತೋ ಏನೋ, ಬಾಯಿಗೆ ಬಂದುಬಿಟ್ಟಿತು: ಆ ದಿನದಿಂದ ಬೇಸಿಗೆ ಬಂದರೆ ಮಧ್ಯಾಹ್ನಕ್ಕೆ ತಲೆನೋವು ಹಿಡಿಯುತ್ತದೆ, ಯಾವ ಗುಳಿಗೆಗೂ ಬಗ್ಗುವುದಿಲ್ಲ.

ಅವರು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತರು. "ಅದು ನಾನ ಕೊಟ್ಟಿದ್ದು, ಮಂಜಿ."

"ಇರ್ಲಿ ಬಿಡ್ರಿ ಟೀಚರ್" ಅಂದೆ. "ನೋವಾದ್ರೂ ತಲಿ ನಂದ ಐತೆಲ್ಲ."

ಅವರು ನನ್ನ ಕೈ ಹಿಡಿದು ಹಾಗೇ ಕೂತಿದ್ದರು. ಎರಡು ಬಸ್ಸು ಬಂದು ಹೋದವು, ನಾನು ಹತ್ತಲಿಲ್ಲ. ಆ ಮಳೆಗಾಲದಲ್ಲೇ ಟೀಚರ್ ತೀರಿಕೊಂಡರು.

ಮೊನ್ನೆ ಸಿದ್ದಪ್ಪ ಮಾಸ್ತರರ ಫೋನು. ರಿಟೈರಾಗಿ ಎಷ್ಟೋ ಕಾಲವಾದರೂ ಲೀಗಿನ ಉಸಾಬರಿ ಬಿಟ್ಟಿಲ್ಲ. ಅವರ ತಂಡದ ಗೋಲ್‌ಕೀಪರ್ ಹುಡುಗಿ ಹೋದ ರಜೆಗೆ ಹೋದವಳು ತಿರುಗಿ ಬರಲಿಲ್ಲವಂತೆ.

"ಈ ಸಲ ಮತ್ತ ಬ್ಯಾಸಿಗ್ಯಾಗ ಆಡ್ಸೋಣ ಅಂತೀವಮ್ಮಾ. ಬಿಸಲಾಗ ಬಿದ್ದಾಕಿ ನೀನು. ನೀ ಬ್ಯಾಡ ಅಂದ್ರ ಬ್ಯಾಡ."

ಹೊರಗೆ ಉರಿಬಿಸಿಲು. ನನಗೆ ಆಗಲೇ ಹಣೆಯ ಎರಡೂ ಪಕ್ಕ ಸಿಡಿಯುತ್ತಿತ್ತು. ಮ್ಯಾಚಿನ ಹಿಂದಿನ ದಿನವೇ ಹುಡುಗಿಯರನ್ನು ಕರೆಸಿ ಒಂದೇ ಕಡೆ ಉಳಿಸಿಕೊಳ್ಳಿ, ಬಸ್ಸು ನಂಬಬೇಡಿ, ಬಿಸಿಲೇರಿದರೆ ಯಾರ ಮುಖವನ್ನೂ ನೋಡದೆ ನಿಲ್ಲಿಸಿ ಅಂದೆ. ಅವರು ಒಂದೊಂದನ್ನೂ ಬರೆದುಕೊಂಡರು. ಆಡಿಸ್ರಿ ಸರ್ ಅಂದೆ.

ಅಂದುಬಿಟ್ಟೆ. ಅವತ್ತಿನಿಂದ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ. ಮೇ ತಿಂಗಳಲ್ಲಿ ಯಾವ ಊರಿನ ಯಾವ ಮೈದಾನದಲ್ಲಿ ಒಂದು ಹುಡುಗಿ ಬಿದ್ದರೂ ಅದು ನನ್ನ ಮಾತಿನಿಂದ. ಟೀಚರ್ ಇದ್ದಿದ್ದರೆ ಒಂದೇ ಒಂದು ಕೇಳುತ್ತಿದ್ದೆ: ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇಷ್ಟು ವರ್ಷ ನೀವು ಊಟ ಹೆಂಗ ಮಾಡಿದ್ರಿ?