ಪಕ್ಕದ ಮನೆಯ ಅಜ್ಜಿ

ಮೊನ್ನೆ ಪಾಠಕ್ಕೆಂದು ಹೊಸ ಇನ್ಹೇಲರ್ ಒಂದನ್ನು ತೆಗೆದು, ಕ್ಯಾಪ್ಸೂಲ್ ಹಾಕಿ ತಿರುಗಿಸಿದೆ. ಒಳಗೆ ಅದು ಟಕ್ ಎಂದು ಒಡೆದು, ಉಸಿರಿನಲ್ಲಿ ಎಳೆದುಕೊಳ್ಳಬೇಕಾದ ಬಿಳಿ ಪುಡಿ ಉದುರಿತು. ಆ ಸದ್ದಿಗೆ ನಮ್ಮ ಮೇಡಂ ನೆನಪಾದರು...

ತುಮಕೂರಿನಲ್ಲಿ ನಾನು ಬಿ.ಫಾರ್ಮ್ ಓದುವಾಗ ಅವರು ನಮಗೆ ಪಾಠ ಮಾಡುತ್ತಿದ್ದರು. ನೋಟ್ಸ್ ಬರೆಸುತ್ತಿರಲಿಲ್ಲ. ಬಟ್ಟೆಯ ಚೀಲದಿಂದ ಔಷಧಿಗಳನ್ನು ಮೇಜಿನ ಮೇಲೆ ಸುರಿದು, ಒಂದು ಸಮಸ್ಯೆ ಹೇಳಿ ಸುಮ್ಮನಾಗುತ್ತಿದ್ದರು. ಕೇಳಿ ಕಲಿಯುವವರು, ಮುಟ್ಟಿ ನೋಡಿ ಕಲಿಯುವವರು, ಜಗಳವಾಡಿ ಕಲಿಯುವವರು, ಎಲ್ಲರಿಗೂ ಅಲ್ಲಿ ಜಾಗವಿತ್ತು. ಬರೆದುಕೊಂಡು ಬಾಯಿಪಾಠ ಮಾಡುವ ನನಗೆ ಮಾತ್ರ ಅವರ ಮೌನ ಹಿಂಸೆಯಾಗುತ್ತಿತ್ತು.

ಒಂದು ದಿನ ಕೇಳಿದರು: “ಉಬ್ಬಸದ ಅಜ್ಜಿ. ಔಷಧಿ ಒಂದು ದಿನಾನೂ ತಪ್ಸಿಲ್ಲ. ಆದ್ರೂ ಉಸಿರು ಸಿಕ್ತಿಲ್ಲ. ಯಾಕೆ?”

ಪುಸ್ತಕದಲ್ಲಿದ್ದ ಕಾರಣಗಳನ್ನೆಲ್ಲ ನಾನು ಒಪ್ಪಿಸಿದೆ. ಹಿಂದಿನ ಬೆಂಚಿನ ಗುಬ್ಬಿಯ ಹುಡುಗಿ ಕ್ಯಾಪ್ಸೂಲನ್ನು ಬೆರಳಲ್ಲಿ ಹೊರಳಿಸುತ್ತಾ, “ನುಂಗವ್ರೆ ಬುಡಿ ಮೇಡಂ. ಎಳ್ಕೋಬೇಕು ಅಂತ ಅವ್ರಿಗೆ ಯಾರ್ ಹೇಳವ್ರೆ?” ಎಂದಳು.

“ಊಟಕ್ ಮುಂಚೆನಾ, ಆಮೇಲಾ?” ಯಾರೋ ಛೇಡಿಸಿದರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ, ಬೇಕೆಂದೇ ಜೋರಾಗಿ.

ನಮ್ಮೂರು ಸಿ.ಎಸ್. ಪುರದಲ್ಲಿ ನಮ್ಮಜ್ಜಿ ಅದೇ ಕ್ಯಾಪ್ಸೂಲನ್ನು ಮಜ್ಜಿಗೆಯ ಜೊತೆ ನುಂಗುತ್ತಿದ್ದಳು. ಕವರನ್ನೂ ಬಿಚ್ಚದ ಇನ್ಹೇಲರ್ ಗೂಡಿನಲ್ಲಿ, ವಿಭೂತಿ ಗಟ್ಟಿಯ ಪಕ್ಕದಲ್ಲಿತ್ತು. ತುಮಕೂರಿನಿಂದ ಎರಡನ್ನೂ ಒಯ್ದು ಕೊಟ್ಟವಳು ನಾನೇ.

ಶನಿವಾರವೇ ಊರಿಗೆ ಹೋಗಿ ಎಳೆದುಕೊಳ್ಳುವುದನ್ನು ಕಲಿಸಿದೆ. “ಔಷ್ದಿ ಓದೋಳು ನೀನೇ ತಂದ್ಕೊಟ್ಟು, ಈಗ್ ಹೇಳ್ತೀಯಲ್ಲೇ!” ಎಂದು ಅಜ್ಜಿ ನಕ್ಕಳು. ಬರಬರುತ್ತಾ ಗೋಡೆಗೆ ಒರಗಿ ಕೂರುವುದನ್ನು ಬಿಟ್ಟು ಮಲಗಿ ನಿದ್ದೆ ಮಾಡತೊಡಗಿದಳು.

ಊರಿಂದ ಬಂದ ಆ ಸೋಮವಾರವೇ ಮೇಡಂಗೆ ಹೇಳಿದ್ದೆ: “ನಮ್ ಪಕ್ಕದ್ಮನೆ ಅಜ್ಜಿನೂ ಹಂಗೇ ನುಂಗ್ತಿದ್ರು ಮೇಡಂ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕಾರಿಡಾರಿನಲ್ಲಿ ಸಿಗಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗಲಿ, ಮೆಲ್ಲಗೆ ಅದೇ ಪ್ರಶ್ನೆ: “ಪಕ್ಕದ್ಮನೆ ಅಜ್ಜಿ ಹೇಗಿದಾರಮ್ಮ?” ತರಗತಿಯಲ್ಲಿ ಕಾಯುತ್ತಿದ್ದಂತೆಯೇ, ಉತ್ತರ ನನ್ನಿಂದಲೇ ಬರಲಿ ಎಂದು ಕಾಯುತ್ತಿದ್ದರು.

“ಚೆನ್ನಾಗಿದಾರೆ ಮೇಡಂ,” ಎನ್ನುತ್ತಿದ್ದೆ. ಅಷ್ಟೇ...

ಈಗ ಅಜ್ಜಿ ಇಲ್ಲ. ಹೋದ ವರ್ಷ ಮೇಡಂ ಕೂಡ ತೀರಿಕೊಂಡರು. ಕ್ಯಾತ್ಸಂದ್ರದ ಕಾಲೇಜೊಂದರಲ್ಲಿ ನಾನು ಅದೇ ಸಮಸ್ಯೆ ಕೊಡುತ್ತೇನೆ, ಅವರ ಹಾಗೇ ಸುಮ್ಮನೆ ಕಾಯುತ್ತೇನೆ. ಮೊನ್ನೆ ಉತ್ತರ ಸಿಕ್ಕಿ ಎಲ್ಲರೂ ನಗುವಾಗ, ಮುಂದಿನ ಬೆಂಚಿನ ಒಬ್ಬಳು ಮಾತ್ರ ನಗಲಿಲ್ಲ.

“ನಿಜವಾಗ್ಲೂ ಇದ್ರಾ ಮೇಡಂ, ಆ ಅಜ್ಜಿ? ಯಾರು?”

“ನಮ್ ಪಕ್ಕದ್ಮನೆಯವ್ರು ಕಣಮ್ಮ,” ಎಂದೆ.